ನಿಮಗೆ ಮೂರು ಜೊತೆ ಕಿಡ್ನಿ ಇದ್ದವು. ಎರಡನೆಯದು ಎಲ್ಲಿಗೆ ಹೋಯಿತು?

[ತೆರೆ: ಆಪರೇಷನ್ ಥಿಯೇಟರಿನ ದೀಪ. ಯಾರ ಮುಖವೂ ಬೇಡ.]

ಹರ್ನಿಯಾ ಆಪರೇಷನ್ ನಡೆಯುತ್ತಿದೆ. ರೋಗಿ ಗಂಡಸು. ಗಡ್ಡ, ಮೀಸೆ ಎಲ್ಲ ಇದೆ. ತೊಡೆಸಂದಿಯಲ್ಲಿ ಊತ ಅಂತ ಬಂದವರು. ಸರ್ಜನ್ ಹರ್ನಿಯಾದ ಚೀಲ ಬಿಡಿಸಿ ನೋಡುತ್ತಾರೆ. ಒಳಗೆ ಒಂದು ಪುಟ್ಟ ಗರ್ಭಕೋಶ! ಪಕ್ಕದಲ್ಲಿ ಅಂಡನಾಳ ಕೂಡ.

ಇದು ಕಟ್ಟುಕತೆಯಲ್ಲ. ತುಂಬಾ ಅಪರೂಪ, ಆದರೆ ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥ ಪ್ರಕರಣಗಳು ಬರುತ್ತಲೇ ಇರುತ್ತವೆ. ಆ ವ್ಯಕ್ತಿಯ ಕ್ರೋಮೋಸೋಮ್ ಎಕ್ಸ್-ವೈ, ಅಂದರೆ ಗಂಡಿನದ್ದೇ. ವೃಷಣ ಇದೆ. ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನ್ ಸರಿಯಾಗಿದೆ. ಹಾಗಾದರೆ ಗರ್ಭಕೋಶ ಎಲ್ಲಿಂದ ಬಂತು?

ಉತ್ತರ ಹೇಳಬೇಕಾದರೆ ಮೊದಲು ಕಿಡ್ನಿಯ ಕತೆ ಹೇಳಬೇಕು. ಸಂಬಂಧ ಏನು ಅಂತೀರಾ? ಸ್ವಲ್ಪ ತಾಳಿ.

[ತೆರೆ: ನಾಲ್ಕು ವಾರದ ಭ್ರೂಣದ ರೇಖಾಚಿತ್ರ. ಕುತ್ತಿಗೆಯ ಹತ್ತಿರ ಬಾಣದ ಗುರುತು.]

ನಾವೆಲ್ಲ ತಾಯಿಯ ಹೊಟ್ಟೆಯಲ್ಲಿ ಮೂರು ಸಲ ಕಿಡ್ನಿ ಕಟ್ಟಿದ್ದೇವೆ. ಒಂದಾದ ಮೇಲೆ ಒಂದು, ಕುತ್ತಿಗೆಯಿಂದ ಸೊಂಟದ ಕಡೆಗೆ.

ಮೊದಲನೆಯದು ಪ್ರೋನೆಫ್ರೋಸ್. ನಾಲ್ಕನೇ ವಾರದಲ್ಲಿ ಕುತ್ತಿಗೆಯ ಮಟ್ಟದಲ್ಲಿ ಮೂಡುತ್ತದೆ, ಅದೇ ವಾರ ಕರಗುತ್ತದೆ. ಮನುಷ್ಯರಲ್ಲಿ ಅದು ಒಂದು ಹನಿ ಮೂತ್ರವನ್ನೂ ಮಾಡುವುದಿಲ್ಲ. ಆದರೆ ಕಪ್ಪೆಯ ಗೊದಮೊಟ್ಟೆಯಲ್ಲಿ, ಮೀನಿನ ಮರಿಯಲ್ಲಿ ಇದೇ ನಿಜವಾದ ಕಿಡ್ನಿ. ಅವು ಬದುಕುವುದೇ ಇದರಿಂದ.

ಎರಡನೆಯದು ಮೀಸೋನೆಫ್ರೋಸ್. ನಮ್ಮಲ್ಲಿ ಸುಮಾರು ಆರರಿಂದ ಹತ್ತನೇ ವಾರದವರೆಗೆ ಸ್ವಲ್ಪ ಮೂತ್ರವನ್ನೂ ಮಾಡುತ್ತದೆ. ದೊಡ್ಡ ಕಪ್ಪೆಗೆ, ದೊಡ್ಡ ಮೀನಿಗೆ ಕಾಯಂ ಕಿಡ್ನಿ ಹೆಚ್ಚುಕಮ್ಮಿ ಇದೇ.

ಮೂರನೆಯದು ಮೆಟಾನೆಫ್ರೋಸ್. ಐದನೇ ವಾರದಲ್ಲಿ ಸೊಂಟದ ಒಳಗೆ ಶುರುವಾಗುತ್ತದೆ. ಆಮೇಲೆ ಮೇಲೇರಿ ಬೆನ್ನಿನ ಈಗಿನ ಜಾಗಕ್ಕೆ ಬರುತ್ತದೆ. ಹಾವು, ಹಲ್ಲಿ, ಹಕ್ಕಿ, ಹಸು, ನಾವು, ಎಲ್ಲರೂ ಉಳಿಸಿಕೊಂಡಿದ್ದು ಇದನ್ನೇ. ಒಂದೊಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷ ನೆಫ್ರಾನ್, ಅಂದರೆ ರಕ್ತ ಸೋಸಿ ಮೂತ್ರ ಮಾಡುವ ಪುಟ್ಟ ಘಟಕಗಳು. ಹುಟ್ಟುವ ಹೊತ್ತಿಗೆ ಲೆಕ್ಕ ಮುಗಿಯುತ್ತದೆ, ಆಮೇಲೆ ಒಂದೂ ಹೊಸದಾಗಿ ಬರುವುದಿಲ್ಲ. ಅಂದ ಹಾಗೆ, ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಸ್ಕ್ಯಾನ್ ಮಾಡಿ "ನೀರು ಸರಿಯಾಗಿದೆ" ಅನ್ನುತ್ತಾರಲ್ಲ, ಆ ನೀರಿನ ಬಹುಪಾಲು ಮಗುವಿನ ಮೂತ್ರವೇ.

ಇಲ್ಲಿ ಒಂದು ತಪ್ಪು ಕಲ್ಪನೆ ಹುಟ್ಟುವುದು ಸುಲಭ. "ಮಗು ಮೊದಲು ಮೀನಾಗಿರುತ್ತದೆ, ಆಮೇಲೆ ಕಪ್ಪೆ, ಆಮೇಲೆ ಮನುಷ್ಯ" ಅಂತ. ಹಾಗಲ್ಲ. ನಮ್ಮ ಭ್ರೂಣ ಯಾವತ್ತೂ ಮೀನಾಗಿರಲಿಲ್ಲ. ಮೀನಿನ ಭ್ರೂಣ, ನಮ್ಮ ಭ್ರೂಣ ಎರಡೂ ಒಂದೇ ರೀತಿ ಕೆಲಸ ಶುರು ಮಾಡುತ್ತವೆ, ಅಷ್ಟೇ.

ಸರಿ, ಕೆಲಸಕ್ಕೆ ಬಾರದ ಮೊದಲ ಕಿಡ್ನಿಯನ್ನು ಯಾಕೆ ಕಟ್ಟಬೇಕು? ಬಿಟ್ಟುಬಿಡಬಹುದಿತ್ತು, ಅಲ್ವಾ?

[ತೆರೆ: ಭ್ರೂಣದ ಉದ್ದಕ್ಕೂ ಇಳಿಯುವ ಒಂದು ನಾಳ, ಹಳದಿ ಬಣ್ಣದಲ್ಲಿ.]

ಕಾರಣ ಈ ಹಳದಿ ನಾಳ. ಮೊದಲ ಕಿಡ್ನಿಯ ಜಾಗದಲ್ಲಿ ಹುಟ್ಟಿ, ಬೆನ್ನಿನ ಉದ್ದಕ್ಕೂ ಇಳಿದು, ಕೆಳಗೆ ಕ್ಲೋಯಕಾಕ್ಕೆ ಸೇರುತ್ತದೆ. ಮಲ, ಮೂತ್ರ, ಸಂತಾನ ಎಲ್ಲಕ್ಕೂ ಒಂದೇ ಬಾಗಿಲಾದ ಕೋಣೆ ಅದು. ಈ ನಾಳ ಇಳಿಯುವಾಗ ಅಕ್ಕಪಕ್ಕದ ಅಂಗಾಂಶಕ್ಕೆ ಸೂಚನೆ ಕೊಡುತ್ತದೆ. ಆಗಲೇ ಎರಡನೇ ಕಿಡ್ನಿ ಕಟ್ಟಿಕೊಳ್ಳುವುದು. ಕೋಳಿ ಭ್ರೂಣದಲ್ಲಿ ನಾಳ ಇಳಿಯದಂತೆ ತಡೆದರೆ ಅದರ ಕೆಳಗಿನ ಕಿಡ್ನಿ ಸರಿಯಾಗಿ ಬೆಳೆಯುವುದಿಲ್ಲ. ನಾಳದ ಕೆಳತುದಿಯಿಂದ ಒಂದು ಮೊಗ್ಗು ಒಡೆಯುತ್ತದೆ. ಅದು ಕವಲೊಡೆದು ಮೂರನೇ ಕಿಡ್ನಿಯನ್ನು ಎಬ್ಬಿಸುತ್ತದೆ. ಮೊಗ್ಗಿನ ತೊಟ್ಟೇ ಮುಂದೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ.

ಈ ಹಳದಿ ನಾಳಕ್ಕೆ ವುಲ್ಫ್ ನಾಳ ಅಂತ ಹೆಸರು. ಕ್ಯಾಸ್ಪರ್ ಫ್ರೀಡ್ರಿಕ್ ವುಲ್ಫ್ 1759ರಲ್ಲಿ ಕೋಳಿ ಭ್ರೂಣ ಅಧ್ಯಯನ ಮಾಡಿ ಬರೆದ ಪ್ರಬಂಧದ ನೆನಪಿಗೆ. ಹೆಸರು ನೆನಪಿಟ್ಟುಕೊಳ್ಳಿ, ಇನ್ನು ಮುಂದಿನ ಕತೆಯೆಲ್ಲ ಇದರದ್ದೇ.

[ತೆರೆ: ಕಪ್ಪೆಯ ಒಳಭಾಗದ ಚಿತ್ರ.]

ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಈ ಚಿತ್ರ ಗೊತ್ತಿರುತ್ತದೆ. ಗಂಡುಕಪ್ಪೆ. ವೃಷಣದಿಂದ 10–12 ಸಣ್ಣ ನಾಳಗಳು ಹೊರಟು ನೇರ ಕಿಡ್ನಿಯ ಒಳಗೆ ಹೋಗುತ್ತವೆ. ವೀರ್ಯಾಣು ಕಿಡ್ನಿಯ ಮೂಲಕವೇ ಹಾದು, ಮೂತ್ರ ಹೋಗುವ ನಾಳದಲ್ಲೇ ಇಳಿದು, ಕ್ಲೋಯಕಾಕ್ಕೆ ಬರುತ್ತದೆ. ನಾವು ಇದನ್ನು ಉರು ಹೊಡೆದು, ಲೇಬಲ್ ಹಾಕಿ, ಅಂಕ ತೆಗೆದುಕೊಂಡೆವು. ಇದು ವಿಚಿತ್ರ ಅಂತ ಯಾರಿಗೂ ಅನ್ನಿಸಲಿಲ್ಲ. ವೀರ್ಯಾಣು ಕಿಡ್ನಿಯೊಳಗೆ ಯಾಕೆ ಹೋಗಬೇಕು?

ಯಾಕೆಂದರೆ ಹೊರಗೆ ಹೋಗಲು ಆಗಲೇ ತಯಾರಿದ್ದ ದಾರಿ ಅದೊಂದೇ. ಲ್ಯಾಂಪ್ರೇ ಅನ್ನುವ ದವಡೆಯಿಲ್ಲದ ಮೀನನ್ನು ನೋಡಿ. ಅದಕ್ಕೆ ವೀರ್ಯಕ್ಕಾಗಲಿ ಮೊಟ್ಟೆಗಾಗಲಿ ನಾಳವೇ ಇಲ್ಲ. ಎರಡನ್ನೂ ಹೊಟ್ಟೆಯ ಖಾಲಿ ಜಾಗಕ್ಕೆ ಬಿಡುತ್ತದೆ, ಅಲ್ಲಿಂದ ಒಂದು ರಂಧ್ರದಲ್ಲಿ ಹೊರಗೆ. ಕಪ್ಪೆಯ ವೃಷಣ ಮಾತ್ರ ಕಿಡ್ನಿಗೆ ಅಂಟಿಕೊಂಡೇ ಇದೆ, ಪಕ್ಕದಲ್ಲೇ ನಾಳ ಇದೆ. ಬಳಸಿಕೊಂಡಿತು.

ಹೆಣ್ಣುಕಪ್ಪೆಯಲ್ಲಿ ಈ ಉಪಾಯ ನಡೆಯುವುದಿಲ್ಲ. ಹಳದಿ ತುಂಬಿದ ಮೊಟ್ಟೆ ಕಿಡ್ನಿಯ ಕೂದಲೆಳೆಯಂಥ ನಾಳದಲ್ಲಿ ತೂರುವುದಾದರೂ ಹೇಗೆ? ಅದಕ್ಕೆ ಇನ್ನೊಂದು ನಾಳ ಬೇಕು. ವುಲ್ಫ್ ನಾಳದ ಪಕ್ಕದಲ್ಲೇ ಅದಕ್ಕೆ ಸಮಾನಾಂತರವಾಗಿ ಬೆಳೆಯುವ ಇದು ಮುಲ್ಲರ್ ನಾಳ. 1830ರಲ್ಲಿ ಇದನ್ನು ವಿವರಿಸಿದವರು ಯೊಹಾನೆಸ್ ಮುಲ್ಲರ್. ಮೇಲುತುದಿ ಬಾಯಿ ತೆರೆದುಕೊಂಡು ಹೊಟ್ಟೆಯೊಳಗೆ ಬಿದ್ದ ಮೊಟ್ಟೆಯನ್ನು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಅಂಡನಾಳ, ಗರ್ಭಕೋಶ ಆಗುವುದು ಈ ಮುಲ್ಲರ್ ನಾಳವೇ. ನಮ್ಮ ಅಂಡನಾಳದ ತುದಿಯೂ ಹಾಗೇ, ಅಂಡಾಶಯಕ್ಕೆ ಅಂಟಿಕೊಂಡಿಲ್ಲ, ತೆರೆದೇ ಇರುತ್ತದೆ.

ಈಗ ಮೂರನೇ ಕಿಡ್ನಿ ಬಂತು ಅಂತ ಇಟ್ಟುಕೊಳ್ಳಿ. ಮೂತ್ರಕ್ಕೆ ಅದರದ್ದೇ ಸ್ವಂತ ನಾಳ ಆಯಿತು. ಎರಡನೇ ಕಿಡ್ನಿಗೆ ಕೆಲಸ ಇಲ್ಲ. ಹಳೇ ಮನೆಯಲ್ಲಿ ಹೊಸ ಬಚ್ಚಲು ಕಟ್ಟಿಸಿದವರು ಹಳೇ ಪೈಪನ್ನು ಅಗೆದು ತೆಗೆಯುವುದಿಲ್ಲ, ಮಳೆ ನೀರಿಗೋ ತೋಟಕ್ಕೋ ತಿರುಗಿಸಿಕೊಳ್ಳುತ್ತಾರೆ. ಗಂಡಿನ ದೇಹ ಮಾಡಿದ್ದೂ ಅದನ್ನೇ. ವುಲ್ಫ್ ನಾಳ ಪೂರ್ತಿ ವೀರ್ಯದ್ದಾಯಿತು.

[ತೆರೆ: ಎರಡನೇ ಕಿಡ್ನಿ ನಿಧಾನಕ್ಕೆ ವೃಷಣದ ಪಕ್ಕದ ನಾಳಗಳಾಗಿ ಬದಲಾಗುವ ಅನಿಮೇಷನ್.]

ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ವೃಷಣದಿಂದ ವೀರ್ಯಾಣು ಹೊರಗೆ ತರುವ ಮೊದಲ ಸಣ್ಣ ನಾಳಗಳು ಎರಡನೇ ಕಿಡ್ನಿಯ ನಾಳಗಳೇ. ಅದಾದ ಮೇಲೆ ಬರುವ, ವೃಷಣಕ್ಕೆ ಅಂಟಿಕೊಂಡು ಸುರುಳಿ ಸುತ್ತಿರುವ ನಾಳ ಎಪಿಡಿಡಿಮಿಸ್, ಬಿಡಿಸಿದರೆ ಸುಮಾರು 6 ಮೀಟರ್ ಉದ್ದ, ಅದು ವುಲ್ಫ್ ನಾಳ. ಮುಂದಿನ ವೀರ್ಯನಾಳವೂ ಅದೇ. ಗಂಡಸರ ಸಂತಾನಹರಣ ಚಿಕಿತ್ಸೆಯಲ್ಲಿ ಕತ್ತರಿಸಿ ಕಟ್ಟುತ್ತಾರಲ್ಲ, ಅದು ಹಳೇ ಕಿಡ್ನಿಯ ಮೂತ್ರದ ನಾಳ! ಹುಂಜ, ಹೋರಿ, ಮನುಷ್ಯ, ಎಲ್ಲರದ್ದೂ ಇದೇ ಕತೆ.

ಈಗ ಹರ್ನಿಯಾ ಆಪರೇಷನ್ನಿಗೆ ಬರೋಣ.

ಏಳನೇ ವಾರದ ತನಕ ಪ್ರತಿಯೊಂದು ಭ್ರೂಣದಲ್ಲೂ ಎರಡೂ ನಾಳ ಇರುತ್ತವೆ. ಗಂಡೋ ಹೆಣ್ಣೋ, ಎರಡೂ. ಮುಂದೆ ಒಂದು ಉಳಿಯುತ್ತದೆ, ಒಂದು ಕರಗುತ್ತದೆ. ತೀರ್ಮಾನ ಮಾಡುವುದು ಯಾರು? ಇದನ್ನು ಬಿಡಿಸಿದ್ದು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್. 1947ರಲ್ಲಿ ಪ್ರಕಟವಾದ ಅವರ ಪ್ರಯೋಗದ ಕೈಚಳಕ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ತಾಯಿ ಮೊಲದ ಗರ್ಭದೊಳಗೇ ಮರಿಯ ವೃಷಣ ತೆಗೆದುಬಿಟ್ಟರು. ಗಂಡುಮರಿಗಳಲ್ಲೂ ಗರ್ಭಕೋಶ, ಅಂಡನಾಳ ಬೆಳೆದವು. ಅಂದರೆ ವೃಷಣ ಏನೋ ಒಂದನ್ನು ಸುರಿಸುತ್ತಿತ್ತು. ಟೆಸ್ಟೋಸ್ಟಿರೋನ್ ಇರಬೇಕು ಅಂತ ಅದನ್ನು ಇಟ್ಟು ನೋಡಿದರು. ವುಲ್ಫ್ ನಾಳ ಉಳಿಯಿತು. ಆದರೆ ಮುಲ್ಲರ್ ನಾಳ ಕರಗಲಿಲ್ಲ!

ಹಾಗಾಗಿ ಹಾರ್ಮೋನ್ ಒಂದಲ್ಲ, ಎರಡು. ಒಂದು ಉಳಿಸುವುದಕ್ಕೆ, ಇನ್ನೊಂದು ಅಳಿಸುವುದಕ್ಕೆ. ಅಳಿಸುವ ಹಾರ್ಮೋನಿನ ಹೆಸರು ಆಂಟಿ-ಮುಲ್ಲೇರಿಯನ್ ಹಾರ್ಮೋನ್, ಚಿಕ್ಕದಾಗಿ ಎ.ಎಂ.ಎಚ್. ಹೆಸರು ಕೇಳಿದಂತಿದೆಯಾ? ಮಕ್ಕಳಾಗದ ದಂಪತಿ ಐವಿಎಫ್ ಸೆಂಟರಿಗೆ ಹೋದಾಗ ಹೆಣ್ಣಿನ ರಕ್ತದಲ್ಲಿ ಅಳೆಯುವ ಎ.ಎಂ.ಎಚ್. ಇದೇ. ದೊಡ್ಡವರಾದ ಮೇಲೆ ಅಂಡಾಶಯವೂ ಅದನ್ನು ಮಾಡುತ್ತದೆ, ಆಗ ಕೆಲಸ ಬೇರೆ.

ನಮ್ಮ ರೋಗಿಯ ದೇಹದಲ್ಲಿ ಈ ಎ.ಎಂ.ಎಚ್. ಇಲ್ಲ, ಅಥವಾ ಅದನ್ನು ಗ್ರಹಿಸುವ ವ್ಯವಸ್ಥೆ ಕೆಟ್ಟಿದೆ. ಟೆಸ್ಟೋಸ್ಟಿರೋನ್ ಇದ್ದದ್ದರಿಂದ ಗಂಡಸಾದರು. ಅಳಿಸಬೇಕಾದದ್ದು ಅಳಿಸದೆ ಗರ್ಭಕೋಶ ಉಳಿಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. "ಹೆಣ್ಣಾಗುವುದಕ್ಕೆ ಏನೂ ಬೇಡ, ಸುಮ್ನೆ ಬಿಟ್ಟರೆ ಹೆಣ್ಣು" ಅಂತ ಬಹಳ ಕಾಲ ಪಾಠ ಮಾಡಿದರು. ನನಗೆ ಅದು ಯಾವತ್ತೂ ಸರಿ ಅನ್ನಿಸಿರಲಿಲ್ಲ. 2017ರಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸ ಬೇರೆ ಮಾತು ಹೇಳಿತು. ಹೆಣ್ಣು ಭ್ರೂಣದಲ್ಲಿ ವುಲ್ಫ್ ನಾಳ ತಾನಾಗಿ ಒಣಗುವುದಿಲ್ಲ. ಅದನ್ನು ತೆಗೆಯುವುದಕ್ಕೇ ಒಂದು ಪ್ರೋಟೀನ್ ದುಡಿಯುತ್ತದೆ.

[ತೆರೆ: ಅವಳಿ ಕರುಗಳು.]

ಹಸು ಸಾಕಿದವರಿಗೆ ಎ.ಎಂ.ಎಚ್. ಹೆಸರು ಗೊತ್ತಿಲ್ಲದಿದ್ದರೂ ಅದರ ಪರಿಣಾಮ ಗೊತ್ತಿರಬಹುದು. ಅವಳಿ ಕರು, ಒಂದು ಹೋರಿ, ಒಂದು ಹೆಣ್ಣು. ಆ ಹೆಣ್ಣುಕರು ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಸಲ ಗೊಡ್ಡಾಗುತ್ತದೆ. ಹಸುವಿನ ಗರ್ಭದಲ್ಲಿ ಅವಳಿಗಳ ಮಾಸುಗಳ ರಕ್ತನಾಳ ಕೂಡಿಕೊಳ್ಳುತ್ತವೆ. ಅಣ್ಣನ ಹಾರ್ಮೋನ್ ತಂಗಿಯ ರಕ್ತಕ್ಕೆ ಬರುತ್ತದೆ, ಅವಳ ಮುಲ್ಲರ್ ನಾಳವನ್ನು ಕೆಡಿಸುತ್ತದೆ. ಇದನ್ನು ಅಮೆರಿಕದ ಫ್ರಾಂಕ್ ಲಿಲ್ಲಿ 1916ರಲ್ಲೇ ವಿವರಿಸಿದ್ದರು, ಜೋಸ್ಟ್‌ಗಿಂತ ಮೂವತ್ತು ವರ್ಷ ಮೊದಲು. ಅಂಥ ಕರುವನ್ನು ಹಾಲಿನ ಆಸೆಗೆ ಸಾಕುವ ಮುಂಚೆ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ಗಂಡು-ಹೆಣ್ಣು ಅವಳಿಗಳಲ್ಲಿ ಸಾಮಾನ್ಯವಾಗಿ ರಕ್ತ ಹೀಗೆ ಬೆರೆಯುವುದಿಲ್ಲ, ಭಯ ಬೇಡ.

[ತೆರೆ: ನಾಲ್ಕು ಗರ್ಭಕೋಶಗಳು ಪಕ್ಕಪಕ್ಕ. ಮೊಲ, ಹಸು, ಮನುಷ್ಯ, ಕಾಂಗರೂ.]

ಮುಲ್ಲರ್ ನಾಳ ಎರಡಿರುತ್ತವೆ, ಎಡಕ್ಕೊಂದು ಬಲಕ್ಕೊಂದು. ಎಷ್ಟು ಕೂಡಿಕೊಳ್ಳುತ್ತವೆ ಅನ್ನುವುದರ ಮೇಲೆ ಗರ್ಭಕೋಶದ ಆಕಾರ. ಮೊಲಕ್ಕೆ ಎರಡು ಪೂರ್ತಿ ಬೇರೆ ಗರ್ಭಕೋಶ. ಹಸುವಿಗೆ ಕೆಳಗೆ ಒಂದು, ಮೇಲೆ ಎರಡು ಕೊಂಬು. ನಮ್ಮಲ್ಲಿ ಪೂರ್ತಿ ಬೆಸೆದು ಒಂದು. ಕೆಲವು ಹೆಣ್ಣುಮಕ್ಕಳ ಸ್ಕ್ಯಾನ್ ರಿಪೋರ್ಟಿನಲ್ಲಿ "ಎರಡು ಕೊಂಬಿನ ಗರ್ಭಕೋಶ" ಅಂತ ಬರುತ್ತದೆ. ಬೆಸುಗೆ ಅರ್ಧಕ್ಕೆ ನಿಂತಿದೆ ಅಂತ ಅರ್ಥ.

ಕಾಂಗರೂವಿಗೆ ಮಾತ್ರ ಕೂಡಿಕೊಳ್ಳುವ ದಾರಿಯೇ ಇಲ್ಲ. ನಮ್ಮಲ್ಲಿ ಮೂತ್ರನಾಳಗಳು ಈ ಎರಡು ನಾಳಗಳ ಹೊರಬದಿಯಿಂದ ಹಾದುಹೋಗುತ್ತವೆ. ಕಾಂಗರೂವಿನಲ್ಲಿ ನಡುವಿನಿಂದ. ಮಧ್ಯೆ ಮೂತ್ರನಾಳ ಅಡ್ಡ ಇದ್ದರೆ ಬೆಸೆಯುವುದು ಹೇಗೆ? ಹಾಗಾಗಿ ಅದಕ್ಕೆ ಎರಡು ಗರ್ಭಕೋಶ, ಎರಡು ಪಕ್ಕದ ಯೋನಿಮಾರ್ಗ. ವೀರ್ಯ ಅವುಗಳಲ್ಲಿ ಹತ್ತುತ್ತದೆ. ಮರಿ ಇಳಿಯುವುದಕ್ಕೆ ನಡುವೆ ಮೂರನೆಯದು ತೆರೆದುಕೊಳ್ಳುತ್ತದೆ. ಕೆಂಪು ಕಾಂಗರೂವಿನ ಮರಿ ಹುಟ್ಟುವಾಗ ಒಂದು ಗ್ರಾಮ್ ಕೂಡ ತೂಗುವುದಿಲ್ಲ. ಹುಟ್ಟುವ ದಾರಿ ಇಷ್ಟು ಇಕ್ಕಟ್ಟಾಗಿರುವುದಕ್ಕೂ ಮರಿ ಅಷ್ಟು ಚಿಕ್ಕದಿರುವುದಕ್ಕೂ ಸಂಬಂಧ ಇದೆ ಅನ್ನುವವರಿದ್ದಾರೆ. ಇರಬಹುದು.

ಕೋಳಿಯದ್ದು ಬೇರೆಯೇ ಲೆಕ್ಕ. ಹೆಚ್ಚಿನ ಹಕ್ಕಿಗಳಲ್ಲಿ ಎಡಗಡೆಯ ಅಂಡಾಶಯ, ಎಡಗಡೆಯ ನಾಳ ಮಾತ್ರ ಕೆಲಸ ಮಾಡುತ್ತವೆ. ಬಲಗಡೆಯದು ಶುರುವಾಗಿ ನಿಂತುಹೋಗುತ್ತದೆ.

[ತೆರೆ: ಆನೆ, ಹಿಂದಿನಿಂದ.]

ಕೊನೆಗೆ ವೃಷಣದ ಪ್ರಯಾಣ. ಅದು ಹುಟ್ಟುವುದು ಕಿಡ್ನಿಯ ಪಕ್ಕದಲ್ಲಿ, ಹೊಟ್ಟೆಯ ಒಳಗೆ. ಏಳೆಂಟನೇ ತಿಂಗಳಲ್ಲಿ ಚೀಲಕ್ಕೆ ಇಳಿಯುತ್ತದೆ. ಇಳಿಯುವಾಗ ತನ್ನ ನಾಳವನ್ನೂ ಎಳೆದೊಯ್ಯುತ್ತದೆ, ಅದಕ್ಕೇ ವೀರ್ಯನಾಳ ಮೂತ್ರನಾಳದ ಮೇಲಿಂದ ಸುತ್ತಿ ಬರುತ್ತದೆ. ರಕ್ತನಾಳ, ನರ ಮಾತ್ರ ಹಳೇ ವಿಳಾಸದಿಂದಲೇ ಬರುತ್ತವೆ. ಕಿಡ್ನಿ ಕಲ್ಲಿನ ನೋವು ಪಕ್ಕೆಯಿಂದ ವೃಷಣಕ್ಕೆ ಹರಿಯುವುದು ಇದೇ ಕಾರಣಕ್ಕೆ.

ಆನೆಯಲ್ಲಿ ಈ ಪ್ರಯಾಣ ಇಲ್ಲ. ಮೈಸೂರು ದಸರೆಯ ಗಂಡಾನೆಗಳನ್ನು ಹಿಂದಿನಿಂದ ನೋಡಿದರೂ ನಿಮಗೆ ವೃಷಣ ಕಾಣಿಸುವುದಿಲ್ಲ. ಒಳಗೆ ಕಿಡ್ನಿ ಹತ್ತಿರವೇ ಇದೆ. ಆನೆಯ ಹತ್ತಿರದ ಸಂಬಂಧಿಗಳ ಜೀನ್ ನೋಡಿದವರು 2018ರಲ್ಲಿ ಒಂದು ಸಂಗತಿ ತಿಳಿಸಿದರು. ವೃಷಣ ಇಳಿಸುವ ಜೀನ್‌ಗಳು ಆ ಬಳಗದ ಕೆಲವು ಪ್ರಾಣಿಗಳಲ್ಲಿ ಕೆಟ್ಟ ಸ್ಥಿತಿಯಲ್ಲಿ ಇನ್ನೂ ಉಳಿದಿವೆ. ಅಂದರೆ ಅವುಗಳ ಪೂರ್ವಜರಲ್ಲಿ ವೃಷಣ ಇಳಿಯುತ್ತಿತ್ತು, ಆಮೇಲೆ ಬಿಟ್ಟುಹೋಯಿತು.

[ತೆರೆ: ಸ್ಕ್ಯಾನ್ ಮಾಡುವ ಯಂತ್ರ.]

ಇದೆಲ್ಲ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುತ್ತದಾ? ದಿನಾ ಬರುತ್ತದೆ. ಮಕ್ಕಳಾಗಲಿಲ್ಲ ಅಂತ ಬಂದ ಗಂಡಸಿಗೆ ಒಂದು ಬದಿಯ ವೀರ್ಯನಾಳ ಇಲ್ಲದಿದ್ದರೆ ವೈದ್ಯರು ಹೊಟ್ಟೆಯ ಸ್ಕ್ಯಾನ್ ಬರೆಯುತ್ತಾರೆ. ವುಲ್ಫ್ ನಾಳವೇ ಬೆಳೆದಿಲ್ಲ ಅಂದರೆ ಅದರಿಂದ ಮೊಗ್ಗೂ ಒಡೆದಿರುವುದಿಲ್ಲ, ಆ ಬದಿಯ ಕಿಡ್ನಿಯೂ ಇರಲಿಕ್ಕಿಲ್ಲ. ಹೆಣ್ಣುಮಕ್ಕಳಲ್ಲೂ ಹೀಗೇ, ಯಾಕೆಂದರೆ ಮುಲ್ಲರ್ ನಾಳ ಕೆಳಗಿಳಿಯುವುದು ವುಲ್ಫ್ ನಾಳದ ಆಸರೆಯಲ್ಲಿ. ನಿಮ್ಮ ಮನೆಯ ಹುಡುಗಿಗೆ ಹುಟ್ಟಿನಿಂದ ಒಂದೇ ಕಿಡ್ನಿ ಇದ್ದು, ಮೈನೆರೆದ ಮೇಲೆ ತಿಂಗಳಿಂದ ತಿಂಗಳಿಗೆ ಹೊಟ್ಟೆನೋವು ಜಾಸ್ತಿಯಾಗುತ್ತಿದ್ದರೆ "ಮುಟ್ಟಿನ ನೋವು, ಎಲ್ಲರಿಗೂ ಇರುತ್ತದೆ" ಅಂತ ಬಿಡಬೇಡಿ. ಗರ್ಭಕೋಶ ಎರಡಾಗಿ, ಒಂದರ ದಾರಿ ಮುಚ್ಚಿ, ರಕ್ತ ಒಳಗೇ ನಿಂತಿರಬಹುದು. ಸ್ತ್ರೀರೋಗ ತಜ್ಞರ ಹತ್ತಿರ ಹೋದಾಗ ಕಿಡ್ನಿಯ ವಿಷಯವನ್ನು ಮೊದಲೇ ಹೇಳಿ.