ಮೂರು ಸಸಿ ನೆಡುತ್ತಿದ್ದ ಅಧ್ಯಕ್ಷೆ

ಕೇಳುಗರಿಗೆ ನಮಸ್ಕಾರ.

1975ರ ಅಕ್ಟೋಬರ್ 24, ಶುಕ್ರವಾರ. ಐಸ್‌ಲ್ಯಾಂಡಿನ ಹೆಂಗಸರು ಅವತ್ತು ಕೆಲಸಕ್ಕೆ ಹೋಗಲಿಲ್ಲ. ಮನೆಯಲ್ಲಿ ಒಲೆ ಹಚ್ಚಲಿಲ್ಲ, ಮಕ್ಕಳನ್ನೂ ನೋಡಿಕೊಳ್ಳಲಿಲ್ಲ. ನೂರಕ್ಕೆ 90 ಮಂದಿ ಹೆಂಗಸರು ಹಾಗೆ ಕೈಕಟ್ಟಿ ಕೂತರು. ಮೀನಿನ ಕಾರ್ಖಾನೆಗಳು ನಿಂತವು, ಎಷ್ಟೋ ಶಾಲೆಗಳು ಮುಚ್ಚಿದವು. ಗಂಡಸರು ಮಕ್ಕಳನ್ನು ಕರೆದುಕೊಂಡೇ ಆಫೀಸಿಗೆ ಹೋದರು. ರೇಡಿಯೊದಲ್ಲಿ ವಾರ್ತೆ ಓದುವವರ ಹಿಂದೆ ಮಕ್ಕಳು ಆಡುವ ಸದ್ದು ಕೇಳಿಸುತ್ತಿತ್ತಂತೆ. ಸುಲಭವಾಗಿ ಬೇಯಿಸಬಹುದು ಅಂತ ಎಲ್ಲರೂ ಸಾಸೇಜ್ ಕೊಂಡು, ಅಂಗಡಿಗಳಲ್ಲಿ ಅದೇ ಸಿಗದಂತಾಯಿತು.

ಮನೆಕೆಲಸವಿರಲಿ, ಸಂಬಳದ ಕೆಲಸವಿರಲಿ, ನಾವಿಲ್ಲದೆ ಇದು ನಡೆಯುತ್ತಾ ನೋಡಿ ಅಂತ ತೋರಿಸುವುದಕ್ಕೆ ಅವರು ಹಾಗೆ ಮಾಡಿದ್ದು. ರಾಜಧಾನಿ ರೇಕ್ಯಾವಿಕ್‌ನ ಚೌಕದಲ್ಲಿ ಸುಮಾರು 25,000 ಜನ ಸೇರಿದರು. ಇಡೀ ದೇಶದ ಜನಸಂಖ್ಯೆಯೇ ಆಗ ಎರಡು ಲಕ್ಷ ಚಿಲ್ಲರೆ! ಆ ಗುಂಪಿನಲ್ಲಿ 45 ವರ್ಷದ ಒಬ್ಬ ಹೆಂಗಸು ತಮ್ಮ ತಾಯಿ ಮತ್ತು ಮೂರು ವರ್ಷದ ಮಗಳ ಜೊತೆ ನಿಂತಿದ್ದರು. ಅವರದು ನಾಟಕದ ಕೆಲಸ. ಐದು ವರ್ಷ ಕಳೆಯುವಷ್ಟರಲ್ಲಿ ಅವರೇ ಆ ದೇಶದ ಅಧ್ಯಕ್ಷೆ ಆದರು.

ಅವರ ಹೆಸರು ವಿಗ್ದಿಸ್ ಫಿನ್‌ಬೊಗಾಡೊಟ್ಟಿರ್. ಹೆಸರು ಉದ್ದ ಅನ್ನಿಸಿತು ಅಲ್ವಾ? ಹೇಳಿಬಿಡುತ್ತೇನೆ. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರು ಇರುವುದಿಲ್ಲ. ಅಪ್ಪನ ಹೆಸರು ಫಿನ್‌ಬೊಗಿ, ಅವರ ಮಗಳು ಫಿನ್‌ಬೊಗಾಡೊಟ್ಟಿರ್. ಅಲ್ಲಿ ಎಲ್ಲರನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ, ಅಧ್ಯಕ್ಷರನ್ನು ಕೂಡ.

ವಿಗ್ದಿಸ್ ಹುಟ್ಟಿದ್ದು 1930ರ ಏಪ್ರಿಲ್ 15ರಂದು, ರೇಕ್ಯಾವಿಕ್‌ನಲ್ಲಿ. ತಂದೆ ಎಂಜಿನಿಯರ್. ತಾಯಿ ನರ್ಸ್, ದೇಶದ ನರ್ಸ್‌ಗಳ ಸಂಘವನ್ನು ವರ್ಷಗಟ್ಟಲೆ ನಡೆಸಿದವರು. ಮಗಳು ಫ್ರಾನ್ಸಿಗೆ ಹೋಗಿ ಗ್ರೆನೋಬಲ್‌ನಲ್ಲಿ, ಆಮೇಲೆ ಪ್ಯಾರಿಸ್‌ನ ಸೊರ್ಬೋನ್‌ನಲ್ಲಿ ಓದಿದರು. ಊರಿಗೆ ಮರಳಿ ಫ್ರೆಂಚ್ ಕಲಿಸಿದರು. ಟೀವಿಯಲ್ಲೂ ಪಾಠ ಮಾಡಿದ್ದರಿಂದ ಅವರ ಮುಖ ಮನೆಮನೆಗೆ ಗೊತ್ತಾಯಿತು. 1972ರಿಂದ ಎಂಟು ವರ್ಷ ರೇಕ್ಯಾವಿಕ್ ನಾಟಕ ಕಂಪನಿಯನ್ನು ನಡೆಸಿದರು.

ಅದೇ 1972ರಲ್ಲಿ ಇನ್ನೊಂದು ದೊಡ್ಡ ಹೆಜ್ಜೆ ಇಟ್ಟರು. ಮದುವೆ ಮುರಿದು ಆಗಲೇ ಒಂಬತ್ತು ವರ್ಷ ಆಗಿತ್ತು. ಒಂಟಿಯಾಗಿಯೇ ಒಂದು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡರು. ಅಲ್ಲಿಯವರೆಗೆ ಐಸ್‌ಲ್ಯಾಂಡಿನಲ್ಲಿ ಗಂಡನಿಲ್ಲದ ಹೆಂಗಸಿಗೆ ದತ್ತು ಕೊಟ್ಟಿರಲಿಲ್ಲ. ಚೌಕದಲ್ಲಿ ಅಮ್ಮನ ಜೊತೆ ನಿಂತಿದ್ದ ಮಗು ಅದೇ.

1980ರಲ್ಲಿ ಅಧ್ಯಕ್ಷರ ಚುನಾವಣೆ ಬಂತು. ಒಬ್ಬ ಹೆಂಗಸಾದರೂ ಕಣದಲ್ಲಿ ಇರಬೇಕು ಅನ್ನುವ ಮಾತು ಎದ್ದಿತು. ವಿಗ್ದಿಸ್ ಮೊದಲು ಒಪ್ಪಲೇ ಇಲ್ಲ. ಒಂದು ದಿನ ಅವರಿಗೆ ತಂತಿ ಬಂತು. ಸಮುದ್ರದ ಮೇಲೆ ಮೀನು ಹಿಡಿಯುತ್ತಿದ್ದ ಒಂದು ದೋಣಿಯ ಗಂಡಸರು, ನೀವು ನಿಲ್ಲಲೇಬೇಕು ಅಂತ ಕಳಿಸಿದ್ದರು. ಈ ತಂತಿಯ ಕಥೆ ನನಗೆ ತುಂಬಾ ಇಷ್ಟ. ಕಡಲಿನ ಚಳಿಯಲ್ಲಿ ಬಲೆ ಎಳೆಯುವ ಗಂಡಸರು ಬಿಡುವು ಮಾಡಿಕೊಂಡು, ನಾಟಕದ ಮೇಡಂ ಒಬ್ಬರಿಗೆ ತಂತಿ ಬರೆದಿದ್ದಾರೆ ಅಂದರೆ ಅದು ಸುಮ್ನೆ ಆಡುವ ಮಾತಲ್ಲ.

ಪ್ರಚಾರ ಮಾತ್ರ ಸಲೀಸಾಗಿರಲಿಲ್ಲ. ಎದುರಿಗೆ ಮೂವರು ಗಂಡಸರು. ಗಂಡನಿಲ್ಲದೆ ಹೇಗೆ ನಿಭಾಯಿಸುತ್ತೀರಿ ಅಂತ ಕೇಳುವವರು ಎಲ್ಲ ಕಡೆ ಸಿಗುತ್ತಿದ್ದರು. ಅದಕ್ಕೂ ಕೆಲವು ವರ್ಷ ಮೊದಲು ವಿಗ್ದಿಸ್ ಅವರಿಗೆ ಸ್ತನ ಕ್ಯಾನ್ಸರ್ ಆಗಿ, ಒಂದು ಸ್ತನ ತೆಗೆಯಬೇಕಾಗಿ ಬಂದಿತ್ತು. ಪ್ರಚಾರದಲ್ಲಿ ಅದನ್ನೂ ಎತ್ತಿದರು! ಅವರು ತಲೆ ತಗ್ಗಿಸಲಿಲ್ಲ, ಸಿಟ್ಟಾಗಲೂ ಇಲ್ಲ. ದೇಶಕ್ಕೆ ಹಾಲೂಡಿಸುವ ಇರಾದೆ ತನಗಿಲ್ಲ ಅಂದುಬಿಟ್ಟರು.

ಜೂನ್ 29ರಂದು ಮತದಾನ. ಗೆದ್ದದ್ದು ಕೂದಲೆಳೆಯ ಅಂತರದಲ್ಲಿ. ಎರಡನೆಯವರಿಗಿಂತ ಅವರಿಗೆ ಹೆಚ್ಚು ಬಂದದ್ದು ಎರಡು ಸಾವಿರಕ್ಕಿಂತ ಕಮ್ಮಿ ಮತ. ಆಗಸ್ಟ್ 1ರಂದು ಅಧಿಕಾರ ವಹಿಸಿಕೊಂಡರು. ಹೆಂಗಸರು ಪ್ರಧಾನಿ ಆಗಿದ್ದು ಅದಕ್ಕೂ ಮುಂಚೆಯೇ. ಶ್ರೀಲಂಕಾದಲ್ಲಿ ಸಿರಿಮಾವೊ ಬಂಡಾರನಾಯಕೆ, ಭಾರತದಲ್ಲಿ ಇಂದಿರಾ ಗಾಂಧಿ. ಅರ್ಜೆಂಟೀನಾದಲ್ಲಿ ಇಸಾಬೆಲ್ ಪೆರೋನ್ ಅಧ್ಯಕ್ಷೆ ಆಗಿದ್ದರು, ಆದರೆ ಅಧ್ಯಕ್ಷನಾಗಿದ್ದ ಗಂಡ ತೀರಿಕೊಂಡ ಮೇಲೆ. ಜನ ಮತ ಹಾಕಿ ನೇರವಾಗಿ ಆರಿಸಿದ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆ ಅಂದರೆ ವಿಗ್ದಿಸ್.

ಅಲ್ಲಿ ಸರ್ಕಾರ ನಡೆಸುವುದು ಪ್ರಧಾನಿ. ಅಧ್ಯಕ್ಷರ ಕೈಯಲ್ಲಿ ಅಧಿಕಾರ ಜಾಸ್ತಿ ಇಲ್ಲ. ಮಸೂದೆಗಳಿಗೆ ಅವರ ಸಹಿ ಬೇಕು ಅಷ್ಟೇ. ಈ ಸಹಿಯೇ ಒಮ್ಮೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿತು. 1985ರಲ್ಲಿ ಗಗನಸಖಿಯರು ಮುಷ್ಕರ ಹೂಡಿದ್ದರು. ಅದನ್ನು ನಿಲ್ಲಿಸುವ ಕಾನೂನಿಗೆ ಸಹಿ ಕೇಳಿಕೊಂಡು ಸರ್ಕಾರ ಬಂದದ್ದು ಯಾವತ್ತು ಗೊತ್ತಾ? ಅಕ್ಟೋಬರ್ 24ರಂದೇ! ಹೆಂಗಸರ ಆ ದಿನಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿ, ಅವರು ಮತ್ತೆ ಕೆಲಸ ಬಿಟ್ಟು ಬೀದಿಗೆ ಬಂದಿದ್ದ ದಿನ. ಹೆಂಗಸರ ಮುಷ್ಕರ ಮುರಿಯುವ ಕಾಗದ, ಅದಕ್ಕೆ ಸಹಿ ಹಾಕಬೇಕಾದವರು ವಿಗ್ದಿಸ್. ಅವರು ತಡಮಾಡಿದರು. ಒತ್ತಡ ಬಿತ್ತು. ಕೊನೆಗೆ ಸಹಿ ಹಾಕಿದರು. ಬಹಳ ಹೆಂಗಸರಿಗೆ ಅದು ನೋವಿನ ಮಾತು. ನನಗೂ ಅದನ್ನು ಓದಿದಾಗ ಪಿಚ್ಚೆನಿಸಿತು. ಆದರೆ ಚುನಾಯಿತ ಸಂಸತ್ತು ಒಪ್ಪಿದ್ದನ್ನು ಅಧ್ಯಕ್ಷೆ ತಡೆಯಬಾರದು ಅಂತ ಅವರು ನಂಬಿದ್ದರು. ಹದಿನಾರು ವರ್ಷದಲ್ಲಿ ಒಂದು ಮಸೂದೆಯನ್ನೂ ಅವರು ತಿರಸ್ಕರಿಸಲಿಲ್ಲ.

ಹೌದು, ಹದಿನಾರು ವರ್ಷ. 1984ರಲ್ಲಿ ಎದುರಾಳಿಯೇ ಇರಲಿಲ್ಲ. 1988ರಲ್ಲಿ ಒಬ್ಬರು ನಿಂತರು, ಆಗ ವಿಗ್ದಿಸ್ ಅವರಿಗೆ ನೂರಕ್ಕೆ 90ಕ್ಕಿಂತ ಹೆಚ್ಚು ಮತ. 1992ರಲ್ಲಿ ಮತ್ತೆ ಅವಿರೋಧ. 1996ರಲ್ಲಿ ಸಾಕು ಅಂತ ತಾವೇ ಇಳಿದರು. ಅಷ್ಟರಲ್ಲಿ ಒಂದು ತಲೆಮಾರೇ ಬೆಳೆದಿತ್ತು. ಗಂಡಸು ಅಧ್ಯಕ್ಷ ಆಗಬಹುದಾ ಅಂತ ಅಲ್ಲಿನ ಪುಟ್ಟ ಹುಡುಗರು ಕೇಳುತ್ತಿದ್ದರಂತೆ.

ಇಳಿದ ಮೇಲೆ ಅವರು ಭಾಷೆಗಳ ಕೆಲಸ ಹಿಡಿದರು. 1998ರಲ್ಲಿ ಯುನೆಸ್ಕೊ ಅವರನ್ನು ಭಾಷೆಗಳ ಸದ್ಭಾವನಾ ರಾಯಭಾರಿ ಮಾಡಿತು. ಚಿಕ್ಕ ನುಡಿಯಾದ ಐಸ್‌ಲ್ಯಾಂಡಿಕ್ ಆಡಿ ಬೆಳೆದವರಿಗೆ ಅದು ತಮ್ಮ ಮನೆಯ ವಿಷಯವೇ.

ಇನ್ನೊಂದು ಹೇಳಬೇಕು. ಐಸ್‌ಲ್ಯಾಂಡಿನಲ್ಲಿ ಮರಗಳು ಬಹಳ ಕಮ್ಮಿ. ಒಂಬತ್ತನೇ ಶತಮಾನದಲ್ಲಿ ಜನ ಬಂದು ನೆಲೆಸಿದಾಗ ಬರ್ಚ್ ಕಾಡುಗಳಿದ್ದವು. ಉರುವಲಿಗೆ ಕಡಿದರು, ಉಳಿದ ಚಿಗುರನ್ನು ಕುರಿಗಳು ಮೇಯ್ದವು. ಮಣ್ಣು ಗಾಳಿಗೆ ಹಾರಿಹೋಯಿತು. ವಿಗ್ದಿಸ್ ಯಾವ ಊರಿಗೆ ಹೋದರೂ ಅಲ್ಲಿನ ಮಕ್ಕಳನ್ನು ಸೇರಿಸಿಕೊಂಡು ಮೂರು ಬರ್ಚ್ ಸಸಿ ನೆಡುತ್ತಿದ್ದರು. ಒಂದು ಹುಡುಗರ ಹೆಸರಲ್ಲಿ, ಒಂದು ಹುಡುಗಿಯರ ಹೆಸರಲ್ಲಿ, ಮೂರನೆಯದು ಇನ್ನೂ ಹುಟ್ಟದ ಮಕ್ಕಳ ಹೆಸರಲ್ಲಿ. ಆ ಚಳಿಯಲ್ಲಿ ಬರ್ಚ್ ಬಹಳ ನಿಧಾನ ಬೆಳೆಯುತ್ತೆ. ಮೂರನೇ ಸಸಿ ಯಾರ ಪಾಲಿಗೆ ನೆಟ್ಟದ್ದೋ, ಆ ಮಕ್ಕಳು ಈಗ ಅದರ ಪಕ್ಕದಲ್ಲೇ ನಡೆದು ಶಾಲೆಗೆ ಹೋಗುತ್ತಿರಬಹುದು.

ನಮಸ್ಕಾರ.