ಮಣ್ಣಿಲ್ಲದ ಗಿಡ, ತಡೆಯಲಾಗದ ಮಕ್ಕಳು

ಪಂಪಿಲ್ಲದೆ, ಕರೆಂಟಿಲ್ಲದೆ, ಮಣ್ಣೂ ಇಲ್ಲದೆ ಕ್ಲಾಸಿನ ಕಿಟಕಿ ಪಕ್ಕ ಸೊಪ್ಪು ಬೆಳೆಸೋಕೆ ಆಗುತ್ತದಾ? ಟೀಚರೊಬ್ಬರು ಕೇಳಿದ ಪ್ರಶ್ನೆ ಇದು. ಆಗುತ್ತದೆ. ಮಕ್ಕಳು ಸುಮ್ನೆ ಇದ್ದರೆ!

ಬೇಸಿಕ್ಸ್ ಬೇಗ ಮುಗಿಸೋಣ. ಮಣ್ಣು ಗಿಡಕ್ಕೆ ನೀರು, ಪೋಷಕಾಂಶ, ಬೇರಿಗೊಂದು ಹಿಡಿತ ಕೊಡುತ್ತದೆ. ಅಷ್ಟನ್ನೂ ಬೇರೆ ದಾರಿಯಲ್ಲಿ ಕೊಟ್ಟರೆ ಅದೇ ಹೈಡ್ರೋಪೋನಿಕ್ಸ್.

ಈಗ ನನಗೆ ಇಷ್ಟವಾದ ವಿಷಯ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರ ವಿಧಾನ. ಡಬ್ಬಿಯ ಮುಚ್ಚಳಕ್ಕೆ ತೂತು, ತೂತಿಗೊಂದು ನೆಟ್ ಪಾಟ್ (ಜಾಲರಿಯಂಥ ಪುಟ್ಟ ಕುಂಡ), ಅದರೊಳಗೆ ಸ್ಪಾಂಜಿನಲ್ಲಿ ಮೊಳೆತ ಲೆಟಿಸ್ ಸಸಿ. ಒಂದು ಸಸಿಗೆ ಸುಮಾರು 4 ಲೀಟರ್ ಪೋಷಕಾಂಶ ಬೆರೆಸಿದ ನೀರು. ಪಾಟಿನ ತಳ ನೀರಿಗೆ ತಾಗಿದರೆ ಸಾಕು.

ಗಿಡ ಕುಡಿದಂತೆ ನೀರು ಇಳಿಯುತ್ತದೆ. ನೋಡಿದವರಿಗೆ ಅಯ್ಯೋ, ಒಣಗುತ್ತಿದೆ ಅನ್ನಿಸುತ್ತದೆ. ಆದರೆ ಗಮ್ಮತ್ತು ಇರುವುದೇ ಅಲ್ಲಿ! ನೀರು ಬಿಟ್ಟುಕೊಟ್ಟ ಜಾಗದಲ್ಲಿ ತೇವದ ಗಾಳಿ ಸೇರುತ್ತದೆ. ಅಲ್ಲಿನ ಬೇರುಗಳು ಅಡ್ಡಡ್ಡ ಕವಲೊಡೆದು, ನವಿರಾಗಿ, ನೂಲು ನೂಲಾಗಿ ಹರಡಿ ಆಮ್ಲಜನಕ ಹೀರುತ್ತವೆ. ಮಕ್ಕಳಿಗೆ ಹೀಗೆ ಹೇಳಿ: ಮೇಲಿನ ಬೇರು ಮೂಗು, ಕೆಳಗಿನದು ಬಾಯಿ.

ಈಗ ಯಾರೋ ಒಬ್ಬ ಪಾಪ ಅಂತ ಬಾಟಲಿ ತಂದು ಡಬ್ಬಿ ತುಂಬ ನೀರು ಸುರಿದ ಅಂದುಕೊಳ್ಳಿ. ಮೂಗು ಮುಳುಗಿತು! ಗಿಡ ಬಾಡುತ್ತದೆ. ಬಾಡಿತಲ್ಲ ಅಂತ ಇನ್ನೊಬ್ಬಳು ಮತ್ತಷ್ಟು ಸುರಿಯುತ್ತಾಳೆ. ಮಕ್ಕಳ ಕೈಯಲ್ಲಿ ಇಂಥ ಗಿಡ ಹೋಗುವುದು ಅಸಡ್ಡೆಯಿಂದಲ್ಲ, ಅತಿ ಪ್ರೀತಿಯಿಂದ. ಬೈಯಬೇಡಿ, ಕೈಗೆ ಸ್ಕೇಲ್ ಕೊಡಿ. ವಾರಕ್ಕೊಮ್ಮೆ ಮುಚ್ಚಳ ಎತ್ತಿ ನೀರಿನ ಮಟ್ಟ ಅಳೆದು ಬರೆಯಲಿ. ಕೈಗೂ ಕೆಲಸ, ಲೆಕ್ಕಕ್ಕೂ ಗ್ರಾಫ್. ತಳ ಕಾಣುವಂತಾದರೆ ಮಾತ್ರ ಸ್ವಲ್ಪ ಸೇರಿಸಬಹುದು, ಗಾಳಿಯ ಬೇರು ನೆನೆಯದಷ್ಟು.

ಹೋಲಿಸಿ ನೋಡೋಕೆ ಪಕ್ಕದಲ್ಲಿ ಪೋಷಕಾಂಶ ಬೆರೆಸದ ಬರೀ ನೀರಿನ ಡಬ್ಬಿಯಲ್ಲೂ ಒಂದು ಸಸಿ ಇಡಿ. 1699ರಲ್ಲೇ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನಾ ಗಿಡಗಳನ್ನು ಬೇರೆ ಬೇರೆ ನೀರಿನಲ್ಲಿಟ್ಟು ನೋಡಿದ್ದರು. ತೋಟದ ಮಣ್ಣು ಕದಡಿದ ನೀರಿನದೇ ಚೆನ್ನಾಗಿ ಬೆಳೆಯಿತು. ಯಾಕೆ ಅಂತ ನೀವು ಹೇಳಬೇಡಿ, ಮಕ್ಕಳೇ ವಾದ ಮಾಡಲಿ.

ಟೈಮ್ ಆಯ್ತು, ಉಳಿದದ್ದು ಒಂದೇ ಉಸಿರಿನಲ್ಲಿ: ಡಬ್ಬಿಗೆ ಬೆಳಕು ಹೋದರೆ ಪಾಚಿ ಕಟ್ಟುತ್ತದೆ, ಕಪ್ಪು ಪೇಪರ್ ಸುತ್ತಿ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5ರಿಂದ 6.5ರ ಒಳಗಿರಲಿ. ಪೋಷಕಾಂಶದ ಪುಡಿ ಬೆರೆಸುವ ಕೆಲಸ ದೊಡ್ಡವರದು. ಟೊಮೆಟೊಗೆ ನೀರು ಜಾಸ್ತಿ ಬೇಕು, ಕೋಲಿನ ಆಸರೆಯೂ ಬೇಕು. ಮೊದಲ ಸಲಕ್ಕೆ ಅದು ಬೇಡವೇ ಬೇಡ.