ಹಳೆಯ ಎಂಜಿಬಿ ನಡುಗುವುದು ಅದರ ಗುಣವಲ್ಲ

ನಮಸ್ಕಾರ. ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಸೇರಿದಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ. ಕಾರು ನಡುಗಬೇಕು, ಸ್ಟಿಯರಿಂಗ್ ಹಿಡಿದ ಕೈ ಜುಮ್ಮೆನ್ನಬೇಕು, ಅದೇ ಹಳೆಯ ಕಾರಿನ ಗುಣ ಎನ್ನುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ಆ ಕಾರು ಹೀಗೆ ನಡುಗುತ್ತಿರಲಿಲ್ಲ. ಎಂಜಿನ್ನಿಗೂ ಬಾಡಿಗೂ ನಡುವೆ ಕುಳಿತು, ವರ್ಷಗಳು ಕಳೆದಂತೆ ಗಟ್ಟಿಯಾಗಿ, ಬಿರಿದು, ಕುಸಿದುಹೋದ ರಬ್ಬರ್ ಮೌಂಟುಗಳೇ ಈ ನಡುಕಕ್ಕೆ ಬಹುಮಟ್ಟಿಗೆ ಕಾರಣ. ಸತ್ತ ರಬ್ಬರನ್ನು ಕಾರಿನ ಸ್ವಭಾವವೆಂದು ಹೊಗಳುವುದು ಆ ಕಾರನ್ನು ರೂಪಿಸಿದ ಎಂಜಿನಿಯರುಗಳಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ನಾನು ಮಾತನಾಡುತ್ತಿರುವುದು ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು ಎಂಜಿಬಿಯ ಬಗ್ಗೆ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ, ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹಡಗೇರಿದ ಕಾರು ಇದು. ಬಿಡಿಭಾಗಗಳು ಈಗಲೂ ಧಾರಾಳವಾಗಿ ಸಿಗುವುದರಿಂದ ಮತ್ತು ಬಾನೆಟ್ ಕೆಳಗೆ ಕೈಯಾಡಿಸಲು ಜಾಗವಿರುವುದರಿಂದ, ಮನೆಯ ಗ್ಯಾರೇಜಿನಲ್ಲಿ ತಾನೇ ಕೆಲಸ ಮಾಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಕಾರು ಸಿಗುವುದು ಕಷ್ಟ.

ಮೌಂಟಿನ ಕೆಲಸವೇನೆಂಬುದನ್ನು ಮೊದಲು ತಿಳಿದುಕೊಳ್ಳೋಣ. ಅದು ಎಂಜಿನ್ನಿನ ಭಾರ ಹೊರುವುದಷ್ಟೇ ಆಗಿದ್ದರೆ ಕಬ್ಬಿಣದ ತುಂಡೇ ಸಾಕಿತ್ತು. ಎಂಜಿಬಿಯ 1798 ಸಿಸಿ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು ಸಾಲಾಗಿವೆ. ಇಂಥ ಎಂಜಿನ್ನಿನ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ, ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ ಎರಡು ಬಾರಿ ಅದುರುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ನಿಮಿಷಕ್ಕೆ 750 ಸುತ್ತು ಎಂದುಕೊಂಡರೆ ಸೆಕೆಂಡಿಗೆ 25 ಅದುರುಗಳಾದವು. ರಬ್ಬರಿನ ಮೇಲೆ ಕುಳಿತ ಎಂಜಿನ್ನಿಗೂ ತನ್ನದೇ ಆದ ಒಂದು ಸಹಜ ಕಂಪನದ ವೇಗವಿರುತ್ತದೆ. ಹೊರಗಿನ ಅದುರು ಆ ಸಹಜ ವೇಗದ 1.4 ಪಟ್ಟಿಗಿಂತ ಹೆಚ್ಚಿದ್ದಾಗ ಮಾತ್ರ ಮೌಂಟು ಅದನ್ನು ತಗ್ಗಿಸಬಲ್ಲದು ಎಂಬುದು ಭೌತಶಾಸ್ತ್ರದ ನಿಯಮ. ಸಹಜ ವೇಗ ಸೆಕೆಂಡಿಗೆ 10ರ ಆಸುಪಾಸಿನಲ್ಲಿದ್ದರೆ ಚಾಲಕನಿಗೆ ನೆಮ್ಮದಿ. ರಬ್ಬರ್ ಗಟ್ಟಿಯಾದಷ್ಟೂ ಆ ಸಂಖ್ಯೆ ಮೇಲೇರುತ್ತದೆ. ಅದು 18 (25ನ್ನು 1.4ರಿಂದ ಭಾಗಿಸಿದರೆ ಬರುವಷ್ಟು) ದಾಟಿತೆಂದರೆ ಮೌಂಟು ಅದುರನ್ನು ತಡೆಯುವ ಬದಲು ಹೆಚ್ಚಿಸಿ ಕಾರಿನ ಬಾಡಿಯತ್ತ ದಾಟಿಸತೊಡಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡಿಯಲ್ಲಿ ಹಿಂದಿನ ವಾಹನ ಮಸುಕಾಗಿ ಕಾಣುವುದಕ್ಕೆ ಕಾರಣ ಇದು.

ರಬ್ಬರಿಗೆ ವಯಸ್ಸಾಗುವುದು ಓಡಿದ ಕಿಲೋಮೀಟರುಗಳಿಂದ ಮಾತ್ರವಲ್ಲ. ಇಂಥ ಮೌಂಟುಗಳಲ್ಲಿ ಹೆಚ್ಚಾಗಿ ಬಳಸುವುದು ನೈಸರ್ಗಿಕ ರಬ್ಬರನ್ನು. ನಮ್ಮ ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಟ್ಯಾಪಿಂಗ್ ಮಾಡಿ ತೆಗೆಯುವುದೂ ಇದೇ ಜಾತಿಯ ಮರದ ಹಾಲನ್ನು. ಹಿಗ್ಗಿ ಕುಗ್ಗಿ ದಣಿಯದ ಗುಣದಲ್ಲಿ ಅದಕ್ಕೆ ಸಾಟಿ ಕಡಿಮೆ. ಆದರೆ ಶಾಖ, ಓಝೋನ್ ಮತ್ತು ಎಂಜಿನ್ ಆಯಿಲ್ ಅದರ ಶತ್ರುಗಳು. ಎಂಜಿಬಿಯಲ್ಲಿ ಎಡಬದಿಯ ಮೌಂಟಿಗೆ ಎಕ್ಸಾಸ್ಟಿನ ಕಾವು ತಗಲುತ್ತದೆ, ಬಲಬದಿಗೆ ಆಯಿಲ್ ಫಿಲ್ಟರಿನಿಂದ ಸೋರಿದ ಎಣ್ಣೆ ಇಳಿಯುತ್ತದೆ. ಒಂದು ಬೆಂದು ಬಿರಿದರೆ ಇನ್ನೊಂದು ಉಬ್ಬಿ ಮೆತ್ತಗಾಗುತ್ತದೆ. ಆದ್ದರಿಂದ ಕಾರು ಕಡಿಮೆ ಓಡಿದೆ, ಷೆಡ್ಡಿನಲ್ಲೇ ಇತ್ತು ಎನ್ನುವುದು ಯಾವ ಭರವಸೆಯನ್ನೂ ಕೊಡುವುದಿಲ್ಲ.

ಪರೀಕ್ಷಿಸುವುದು ಕಷ್ಟವಲ್ಲ. ಎಂಜಿಬಿಯ ಗೇರ್ ಲಿವರ್ ನೇರವಾಗಿ ಗೇರ್ ಬಾಕ್ಸಿನ ಮೇಲೆ ಕುಳಿತಿರುವುದರಿಂದ, ಓಡುವಾಗ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಲಿವರ್ ಎದ್ದು ಕಾಣುವಷ್ಟು ಅಲುಗಿದರೆ ಮೌಂಟುಗಳ ಮೇಲೆ ಅನುಮಾನಪಡಬೇಕು. ಅನಂತರ ಕಾರು ನಿಲ್ಲಿಸಿ, ಟಾರ್ಚ್ ಹಿಡಿದು, ರಬ್ಬರ್ ಮತ್ತು ಉಕ್ಕಿನ ತಟ್ಟೆ ಕೂಡಿದ ಗೆರೆಯನ್ನೇ ನೋಡಬೇಕು, ಏಕೆಂದರೆ ಬಿರುಕು ಅಲ್ಲಿಂದಲೇ ಆರಂಭವಾಗುವುದು ಹೆಚ್ಚು.

ಇನ್ನು ಬದಲಾಯಿಸುವ ಕೆಲಸ. ಜ್ಯಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ನುಗ್ಗಬೇಡಿ. ಗಟ್ಟಿನೆಲ, ಹಿಂದಿನ ಚಕ್ರಗಳಿಗೆ ಅಡ್ಡ ಕಟ್ಟೆ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಒಳ್ಳೆಯ ಆಕ್ಸಲ್ ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಕೆಲಸವೇ ಬೇಡ. ಬ್ಯಾಟರಿ ಸಂಪರ್ಕ ತೆಗೆಯಿರಿ. 1974ರವರೆಗಿನ ಬಹುತೇಕ ಕಾರುಗಳಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳಿರುವುದನ್ನು ನೆನಪಿಡಿ. ಸ್ಪ್ಯಾನರುಗಳು ಇಂಚಿನವೇ ಆಗಬೇಕು. 9/16 ಇಂಚಿನ ನಟ್ಟಿಗೆ 15 ಮಿಲಿಮೀಟರಿನ ಸ್ಪ್ಯಾನರ್ ಹಾಕಿ ಮೂಲೆ ಸವೆಸಿದವರು ಬಿಟ್ಟುಹೋದ ನಟ್ಟುಗಳನ್ನು ಎಷ್ಟೋ ಕಾರುಗಳಲ್ಲಿ ಇಂದಿಗೂ ಕಾಣಬಹುದು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟಿರಿ.

ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿರುವ ಆಯಿಲ್ ಸಂಪ್‌ಗೆ ಅಗಲವಾದ ಮರದ ಹಲಗೆ ಕೊಟ್ಟು, ಮೌಂಟಿನ ಮೇಲಿನ ಭಾರ ಇಳಿಯುವಷ್ಟೇ ಜ್ಯಾಕ್ ಎತ್ತಬೇಕು. ಎತ್ತುವಾಗ ಕಣ್ಣು ರೇಡಿಯೇಟರ್ ಹೋಸ್, ಫ್ಯಾನ್, ಥ್ರಾಟಲ್ ಕೇಬಲ್ ಮತ್ತು ಎಕ್ಸಾಸ್ಟ್ ಪೈಪುಗಳ ಮೇಲಿರಲಿ. ರಬ್ಬರ್ ಪೂರ್ತಿ ಹರಿದಿದ್ದರೆ ತಟ್ಟೆ ಕೆಳಗೇ ಉಳಿದು ಎಂಜಿನ್ ಮಾತ್ರ ಮೇಲೇಳುತ್ತದೆ, ರೋಗ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ಒಂದು ಬದಿಯನ್ನು ಪೂರ್ತಿ ಕೂರಿಸಿದ ಮೇಲೆಯೇ ಇನ್ನೊಂದು ಬದಿಗೆ ಹೋಗಿ, ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಎಂಜಿನ್ ಪಕ್ಕಕ್ಕೆ ಸರಿದು ರಂಧ್ರಗಳು ಕೂಡುವುದಿಲ್ಲ. ನಡುವೆ ತೆಳುವಾದ ಉಕ್ಕಿನ ಪ್ಯಾಕಿಂಗ್ ತಟ್ಟೆ ಸಿಕ್ಕರೆ ಯಾವ ಬದಿಯದೆಂದು ಬರೆದಿಟ್ಟುಕೊಂಡು ಅಲ್ಲಿಗೇ ಹಾಕಿ. ನಟ್ಟುಗಳನ್ನು ಮೊದಲು ಕೈಬಿಗಿಯಷ್ಟೇ ಮಾಡಿ, ಎಂಜಿನ್ನಿನ ಭಾರವನ್ನು ಹೊಸ ರಬ್ಬರಿನ ಮೇಲೆ ಇಳಿಸಿ, ಅದು ತನ್ನ ಜಾಗದಲ್ಲಿ ಕುಳಿತ ಮೇಲೆ ಪೂರ್ತಿ ಬಿಗಿಯಬೇಕು. ಗೇರ್ ಬಾಕ್ಸಿನ ಮೌಂಟುಗಳನ್ನೂ ಇದೇ ಸಲ ಬದಲಾಯಿಸಿ. ಗೇರ್ ಬಾಕ್ಸ್ ಹೊತ್ತ ಅಡ್ಡತೊಲೆ ಬಿಚ್ಚುವ ಆ ಕೆಲಸ ಇಕ್ಕಟ್ಟಿನದು, ಬೇಸರ ತರಿಸುವಂಥದ್ದು. ಆದರೂ ಮುಂದೆ ಹೊಸತು, ಹಿಂದೆ ಸತ್ತದ್ದು ಎಂದಾದರೆ ಹೊಸ ರಬ್ಬರಿನ ಮೇಲೆ ಬೀಳಬಾರದ ಸೆಳೆತ ಬೀಳುತ್ತದೆ.

ಇಲ್ಲಿ ರಬ್ಬರಿಗಿಂತ ಗಟ್ಟಿಯಾದ ಕೃತಕ ವಸ್ತು ಪಾಲಿಯುರಿಥೇನಿನ ಪ್ರಶ್ನೆ ಏಳುತ್ತದೆ. ಎಣ್ಣೆಗೆ ಹೆದರದ, ಬಹುಕಾಲ ಬಾಳುವ, ಬಣ್ಣಬಣ್ಣದ ಪಾಲಿ ಮೌಂಟು ಇರುವಾಗ ರಬ್ಬರ್ ಏಕೆ ಎಂದು ಕೇಳುವವರಿದ್ದಾರೆ. ರೇಸಿಗೆ ಇಳಿಯುವ ಕಾರಿನಲ್ಲಿ ಎಂಜಿನ್ ಅಲುಗದಿರುವುದೇ ಮುಖ್ಯವಾದ್ದರಿಂದ ಅಲ್ಲಿ ಅದು ಸರಿ. ರಸ್ತೆಯ ಕಾರಿನಲ್ಲಿ ಮಾತ್ರ, ಗಟ್ಟಿಯಾಗಿದೆ ಎಂದು ಕಿತ್ತ ಹಳೆಯ ರಬ್ಬರಿನ ದೋಷವನ್ನೇ ಹಣ ಕೊಟ್ಟು ಮರಳಿ ತಂದು ಕೂರಿಸಿದಂತಾಗುತ್ತದೆ. ಎಂಜಿಬಿಗೆ ಬೇರೆ ಚಾಸಿ, ಅಂದರೆ ಕೆಳಗಿನ ಪ್ರತ್ಯೇಕ ಚೌಕಟ್ಟು, ಇಲ್ಲ, ಬಾಡಿಯೇ ಚಾಸಿ. ಮೌಂಟು ತಡೆಯದ ಪ್ರತಿ ಅದುರೂ ನೇರವಾಗಿ ತಗಡಿಗೆ, ವೆಲ್ಡಿಗೆ, ಡ್ಯಾಷ್‌ಬೋರ್ಡಿನ ಮೀಟರುಗಳಿಗೆ ಹೋಗುತ್ತದೆ.

ಮುಂದಿನ ಸಸ್ಪೆನ್ಷನ್ ಬುಷ್‌ಗಳ (ಚಕ್ರ ಹಿಡಿದ ತೋಳುಗಳ ಕೀಲಿನಲ್ಲಿ ಕೂರುವ ರಬ್ಬರ್ ಬಳೆಗಳ) ವಿಷಯದಲ್ಲಿ ಕಾರ್ಖಾನೆಯೇ ಇನ್ನೂ ಒಳ್ಳೆಯ ಉತ್ತರ ಕೊಟ್ಟಿದೆ. 1973ರಲ್ಲಿ ಬಂದ ಎಂಜಿಬಿ ಜಿಟಿ ವಿ8ರ ಕೆಳತೋಳಿಗೆ ಹಾಕಿದ, ಲೋಹದ ಕೊಳವೆಗೆ ಅಂಟಿಸಿದ ಒಂದೇ ತುಂಡಿನ ರಬ್ಬರ್ ಬುಷ್ ಸಾಮಾನ್ಯ ಎಂಜಿಬಿಗೂ ಹೊಂದುತ್ತದೆ, ಎರಡು ಹೋಳಿನ ಮೂಲ ಬುಷ್‌ಗಿಂತ ಹೆಚ್ಚು ಕಾಲ ಬಾಳುತ್ತದೆ. ಇಂಥ ಬುಷ್ ಜಾರುವುದಿಲ್ಲ, ತಿರುಚಿಕೊಂಡು ಕೆಲಸ ಮಾಡುತ್ತದೆ. ಹಾಗಾಗಿ ಕಾರು ತನ್ನ ಚಕ್ರಗಳ ಮೇಲೆ ತನ್ನ ಎತ್ತರದಲ್ಲಿ ನಿಂತಾಗಲೇ ಅದರ ಬೋಲ್ಟುಗಳನ್ನು ಬಿಗಿಯಬೇಕು. ಚಕ್ರ ಜೋತುಬಿದ್ದಿರುವಾಗ ಬಿಗಿದರೆ, ಕಾರು ಸುಮ್ಮನೆ ನಿಂತಿದ್ದಾಗಲೂ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ.

ಬಿಡಿಭಾಗ ತಯಾರಿಸುವವರಲ್ಲಿ ನನ್ನದೊಂದು ಬೇಡಿಕೆಯಿದೆ. ಇಂದು ಸಿಗುವ ಮೌಂಟುಗಳಲ್ಲಿ ಬಹುಕಾಲ ಬಾಳುವಂಥವೂ ಇವೆ, ಬೇಗನೆ ಬಿರಿಯುವಂಥವೂ ಇವೆ, ಪೊಟ್ಟಣ ನೋಡಿ ಯಾವುದು ಯಾವುದೆಂದು ಹೇಳಲಾಗದು. 2000ದಿಂದೀಚೆಗಿನ ಟೈರುಗಳ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. ಎಂಜಿನ್ ಹೊರುವ ರಬ್ಬರಿನ ಮೇಲೂ ತಯಾರಿಕೆಯ ವರ್ಷವನ್ನೂ ಶೋರ್ ಎಂಬ ರಬ್ಬರಿನ ಅಳತೆಗೋಲಿನಲ್ಲಿ ಅದರ ಗಡಸುತನವನ್ನೂ ನಮೂದಿಸಲಿ. ಅಲ್ಲಿಯವರೆಗೆ, ಕೊಳ್ಳುವ ಮುನ್ನ ಆ ಎರಡು ವಿವರಗಳನ್ನು ಅಂಗಡಿಯವರಲ್ಲಿ ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಡದವರಿಂದ ಕೊಳ್ಳಬೇಡಿ.